ಮೆಷಿನ್ ಬದಲಿಸುವ ಮುನ್ನ ಬ್ಲೇಡ್ ನೋಡಿ

ಜೋಗೇಶ್ವರಿ-ಓಶಿವರದ ಫರ್ನಿಚರ್ ಗಲ್ಲಿಯಲ್ಲಿ ದುಡಿಯುವ ನಮ್ಮೂರ ಆಚಾರಿಯೊಬ್ಬರು ಇತ್ತೀಚೆಗೆ ಸಾಲದ ಅರ್ಜಿ ಹಿಡಿದು ನಮ್ಮ ಬ್ಯಾಂಕಿಗೆ ಬಂದಿದ್ದರು. ಬ್ಯಾಂಡ್‌ಸಾ ಗೆರೆ ಬಿಟ್ಟು ಕೊಯ್ಯುತ್ತದೆ, ಹೊಸ ಮೆಷಿನ್ ಬೇಕು ಎಂಬುದು ಅವರ ಅಳಲು. "ಆಚಾರ್ರೇ, ಬ್ಲೇಡ್ ಬದಲಿಸಿ ನೋಡಿದಿರಾ?" ಎಂದೆ. ಅಗ್ಗದ ಒಂದೇ ಬ್ಲೇಡ್, ಎಲ್ಲ ಕೆಲಸಕ್ಕೂ ಅದೇ!

ನನ್ನ ತೀರ್ಥರೂಪರೂ ಇದೇ ಕಸುಬಿನವರಾದ್ದರಿಂದ ಎರಡು ಮಾತು. ದಪ್ಪ ಮರ ಸೀಳಲು ಇಂಚಿಗೆ 3 ಹಲ್ಲಿನ ಅಗಲ ಬ್ಲೇಡ್ ಬೇಕು. ತಿರುವು ಕೊಯ್ಯಲು ಕಾಲಿಂಚಿನದು. ದಪ್ಪ ಮರಕ್ಕೆ ಸಣ್ಣ ಹಲ್ಲು ಹಾಕಿದರೆ ಹುಡಿ ಹೊರಬೀಳದೆ ಬ್ಲೇಡ್ ಬಿಸಿಯಾಗಿ ದಾರಿ ತಪ್ಪುತ್ತದೆ. ಸಾಗುವಾನಿಯಲ್ಲಿ ಸಿಲಿಕಾ ಇರುವುದರಿಂದ ಸಾದಾ ಕಾರ್ಬನ್ ಸ್ಟೀಲಿನ ಹಲ್ಲು ಬೇಗ ಮೊಂಡಾಗುತ್ತದೆ. ಬೈಮೆಟಲ್ ದುಬಾರಿ, ಆದರೆ ಹೆಚ್ಚು ದಿನ ಬಾಳುತ್ತದೆ. ಬೆಲೆಗಿಂತ ಎಷ್ಟು ಫೂಟು ಕೊಯ್ದಿತು ಎಂಬುದನ್ನೇ ಲೆಕ್ಕ ಹಿಡಿಯಬೇಕು (ಗುಮಾಸ್ತನ ಬುದ್ಧಿ, ಕ್ಷಮಿಸಿ). ಸಣ್ಣ ಚಕ್ರದ ಮೆಷಿನಿಗೆ ದಪ್ಪ ಬ್ಲೇಡ್ ಮಾತ್ರ ಬೇಡ, ಬಾಗಿ ಬಾಗಿ ತುಂಡಾದರೆ ಬೆರಳಿಗೇ ಅಪಾಯ. ಕೊಳ್ಳುವಾಗ ಬೆಸುಗೆಯ ಮೇಲೆ ಉಗುರಾಡಿಸಿ, ಉಬ್ಬಿದ್ದರೆ ಹಿಂದಿರುಗಿಸಿ.

ನಮ್ಮ ಸಂಘಗಳು ಶಾಲು ಹೊದಿಸುವುದರ ಜೊತೆಗೆ ಕಸುಬುದಾರರಿಗಾಗಿ ಒಂದು ಭಾನುವಾರ ಇಂಥ ಮಾಹಿತಿ ಶಿಬಿರ ಏರ್ಪಡಿಸಬಾರದೇಕೆ?

ಆಚಾರಿಯವರು ಸದ್ಯ ಅರ್ಜಿ ವಾಪಸ್ ಒಯ್ದಿದ್ದಾರೆ. ಹೊಸ ಬ್ಲೇಡ್ ಹಾಕಿ ನೋಡಿದ ಮೇಲೆಯೇ ಬರುತ್ತಾರಂತೆ.