ಹದಿನಾಲ್ಕು ತಂಡಗಳ ಪಿಚರ್
2019ರಲ್ಲಿ ಟೊರೊಂಟೊ ಬ್ಲೂ ಜೇಸ್ ಪರ ಕಣಕ್ಕಿಳಿದ ಎಡ್ವಿನ್ ಜಾಕ್ಸನ್, ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 14 ತಂಡಗಳಿಗೆ ಆಡಿದ ಮೊದಲಿಗರೆನಿಸಿದರು. 2025ರಲ್ಲಿ ರಿಚ್ ಹಿಲ್ ಈ ದಾಖಲೆಯನ್ನು ಸರಿಗಟ್ಟಿದರು.

ಈ ಅಲೆದಾಟಕ್ಕೆ ಪ್ರತಿಭೆಯ ಕೊರತೆ ಕಾರಣವಲ್ಲ. 2010ರಲ್ಲಿ ಅರಿಜೋನಾ ಪರ ಅವರು ಪೂರ್ಣ ಪಂದ್ಯದಲ್ಲಿ ಒಂದೂ ಹಿಟ್ ಬಿಟ್ಟುಕೊಡಲಿಲ್ಲ. ಆದರೆ ಅದಕ್ಕೆ 149 ಎಸೆತಗಳು ಬೇಕಾದವು, ಎಂಟು ವಾಕ್‌ಗಳನ್ನೂ ಕೊಟ್ಟಿದ್ದರು. ವೇಗವಿತ್ತು, ಹಿಡಿತವಿರಲಿಲ್ಲ. ತಿದ್ದಬಹುದೆಂಬ ಆಸೆಯಿಂದ ಕರೆದವರೇ ಬೇಸತ್ತು ಬಿಟ್ಟುಕೊಟ್ಟರು.

ಆರು ವರ್ಷಗಳ ಸೇವೆ ಮುಗಿಯುವತನಕ ತಂಡವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಆಟಗಾರನಿಗಿಲ್ಲ. 2011ರ ಜುಲೈ 27ರಂದು ಚಿಕಾಗೋ ವೈಟ್ ಸಾಕ್ಸ್ ಅವರನ್ನು ಟೊರೊಂಟೊಗೆ ಒಪ್ಪಿಸಿತು. ಅದೇ ದಿನ ಟೊರೊಂಟೊ ಸೇಂಟ್ ಲೂಯಿಸ್‌ಗೆ ದಾಟಿಸಿತು. ಆ ವರ್ಷದ ವಿಶ್ವ ಸರಣಿ ಸೇಂಟ್ ಲೂಯಿಸ್ ಪಾಲಾಯಿತು.

107 ಗೆಲುವು, 133 ಸೋಲು. ಆದರೂ 17 ಋತುಗಳ ಕಾಲ ಅವರಿಗೆ ಕೆಲಸ ತಪ್ಪಲಿಲ್ಲ.