ಹಸುಳೆಯ ಹೃದಯವೂ ನಮ್ಮ ದಾಸೋಹವೂ

ಚಿಕ್ಕಜಾಜೂರು ಸಣ್ಣ ಊರಾದರೂ ರೈಲ್ವೆ ಜಂಕ್ಷನ್ನು. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಸಾಗುವ ಹಳಿ ಚಿತ್ರದುರ್ಗ, ಬಳ್ಳಾರಿಗಳ ದಿಕ್ಕಿಗೆ ಕವಲೊಡೆಯುವುದು ಇಲ್ಲಿಯೇ. ಈಚೆಗೆ ಆ ನಿಲ್ದಾಣದಲ್ಲಿ ಬೆಂಗಳೂರಿನ ಗಾಡಿಗಾಗಿ ಕಾದು ಕುಳಿತಿದ್ದಾಗ ಕೂಲಿಕಾರ ದಂಪತಿಗಳನ್ನು ಕಂಡೆ. ತಾಯಿಯ ಮಡಿಲಲ್ಲಿ ವರ್ಷ ತುಂಬಿದರೂ ಆರು ತಿಂಗಳ ಶಿಶುವಿನಂತಿದ್ದ ಕೂಸು. ತಂದೆಯ ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗೆ ಮಡಿಸಿ ಮಡಿಸಿ ಹರಿಯುವಂತಾಗಿದ್ದ ಆಸ್ಪತ್ರೆಯ ಕಾಗದ. ಅದನ್ನು ನನ್ನ ಮುಂದೆ ಹಿಡಿದು ಆತ ಕೇಳಿದ: “ಮೇಷ್ಟ್ರೇ, ಆಪರೇಷನ್ ಪುಕ್ಕಟೆ ಅಂತ ಬರೆದವ್ರಂತೆ. ಎದೆ ಕೊಯ್ದ ಕೂಸು ಉಳೀತದಾ? ಊರಾಗೆ ಎಲ್ಲಾರೂ ಬ್ಯಾಡ ಅಂತಾರೆ.”

ಆ ಕಾಗದಕ್ಕೆ ಎರಡು ತಿಂಗಳಾಗಿತ್ತು. ಶಸ್ತ್ರಚಿಕಿತ್ಸೆಗೆ ಹಣ ಬೇಕಿರಲಿಲ್ಲ, ರೈಲು ದಿನವೂ ಇತ್ತು. ಆದರೂ ಅವರು ಎರಡು ತಿಂಗಳು ಹೊರಟಿರಲಿಲ್ಲ. “ಹೋಗಪ್ಪಾ, ನಾನು ಜೊತೆಗೆ ಬರುತ್ತೇನೆ” ಎಂದು ಹೇಳುವ ಒಬ್ಬನೇ ಒಬ್ಬ ಮನುಷ್ಯ ಅವರಿಗೆ ದೊರೆತಿರಲಿಲ್ಲ. ಈ ಲೇಖನವನ್ನು ಬರೆಯಲು ಕಾರಣ ಇಷ್ಟೇ.

ಮಠದ ಪ್ರಸಾದವನ್ನುಂಡು ವಿದ್ಯೆ ಕಲಿತ ನಾವು ವರ್ಷಕ್ಕೊಮ್ಮೆ ಸೇರುತ್ತೇವೆ. ಕಳೆದ ಸಲದ ಸಭೆಯಲ್ಲಿ ಮಹಾದ್ವಾರದ ನಿರ್ಮಾಣಕ್ಕೆಂದು ಕೂಡಿಟ್ಟ ನಿಧಿಯ ಒಂದು ಪಾಲನ್ನು ಇಂತಹ ಮಕ್ಕಳ ನೆರವಿಗೆ ಮೀಸಲಿಡಬೇಕೆಂದು ನಾನು ಸೂಚಿಸಿದೆ. ಸೂಚನೆಯನ್ನು ಯಾರೂ ನೇರವಾಗಿ ತಿರಸ್ಕರಿಸಲಿಲ್ಲ; ಆದರೆ ಮೂರು ಆಕ್ಷೇಪಗಳ ನಡುವೆ ಅದು ಮೆಲ್ಲನೆ ಉಸಿರು ಬಿಟ್ಟಿತು. ಆ ಮೂರಕ್ಕೂ ಇಲ್ಲಿ ಉತ್ತರ ಹೇಳಬಯಸುತ್ತೇನೆ. ಹಿರಿಯರು ಮುನಿಯಬಾರದು, ಮುನಿದರೂ ಚಿಂತೆಯಿಲ್ಲ, ಉತ್ತರವನ್ನು ಓದಿ ಮುನಿಯಲಿ.

ಮೊದಲನೆಯ ಆಕ್ಷೇಪ: “ಹುಟ್ಟಿನಿಂದ ಬಂದ ರೋಗ ಪ್ರಾರಬ್ಧ. ಶಿವನಿಚ್ಛೆಗೆ ಅಡ್ಡ ಬರಲು ನಾವು ಯಾರು?” ಈ ಮಾತನ್ನಾಡಿದ ಹಿರಿಯರು ತಮ್ಮ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು. ಆ ದಿನ ಅವರಿಗೆ ಪ್ರಾರಬ್ಧ ನೆನಪಾಗಲಿಲ್ಲ, ಅತ್ಯುತ್ತಮ ವೈದ್ಯರು ನೆನಪಾದರು. ಅದು ತಪ್ಪಲ್ಲ. ಎಪ್ಪತ್ತರ ಹೃದಯಕ್ಕೆ ಒಂದು ಸಿದ್ಧಾಂತ, ಏಳು ತಿಂಗಳ ಹೃದಯಕ್ಕೆ ಇನ್ನೊಂದು ಸಿದ್ಧಾಂತ ಎನ್ನುವುದು ಮಾತ್ರ ತಪ್ಪು. ಹಣೆಬರಹದ ಹೆಸರಿನಲ್ಲಿ ಮನುಷ್ಯನನ್ನು ಕೈಬಿಡುವ ಚಾಳಿಯನ್ನು ಖಂಡಿಸಿಯೇ ಶರಣರು ಹನ್ನೆರಡನೆಯ ಶತಮಾನದಲ್ಲಿ ಎದ್ದು ನಿಂತದ್ದು.

ರೋಗದ ಸ್ವರೂಪವನ್ನಾದರೂ ತಿಳಿಯೋಣ. ಹುಟ್ಟುವ ಸಾವಿರ ಶಿಶುಗಳಲ್ಲಿ ಸುಮಾರು 8ರಿಂದ 9 ಶಿಶುಗಳ ಹೃದಯದ ರಚನೆಯಲ್ಲಿ ಏನಾದರೊಂದು ದೋಷವಿರುತ್ತದೆ. ಇದು ಸಿರಿವಂತ ದೇಶದಲ್ಲಿಯೂ ಹಾಗೆಯೇ, ಬಡ ದೇಶದಲ್ಲಿಯೂ ಹಾಗೆಯೇ. ಕೆಲವು ಸಣ್ಣ ರಂಧ್ರಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಕೆಳಕೋಣೆಗಳ ನಡುವೆ ದೊಡ್ಡ ರಂಧ್ರವಿದ್ದರೆ ಶ್ವಾಸಕೋಶಕ್ಕೆ ಮಿತಿಮೀರಿ ರಕ್ತ ನುಗ್ಗುತ್ತದೆ. ಮಗು ಮೊಲೆಯುಣ್ಣುವಾಗ ಏದುಸಿರು ಬಿಟ್ಟು ಬೆವರುತ್ತದೆ, ತೂಕ ಏರುವುದಿಲ್ಲ, ಮೇಲಿಂದ ಮೇಲೆ ನ್ಯುಮೋನಿಯಾ ಬರುತ್ತದೆ. ಸಕಾಲದಲ್ಲಿ ರಂಧ್ರವನ್ನು ಮುಚ್ಚಿದರೆ ಆ ಮಗು ಎಲ್ಲ ಮಕ್ಕಳಂತೆ ಬೆಳೆದೀತು. ತಡವಾದರೆ ಶ್ವಾಸಕೋಶದ ರಕ್ತನಾಳಗಳು ಗಡುಸಾಗಿ, ಮುಂದೆ ರಂಧ್ರವನ್ನು ಮುಚ್ಚುವುದೇ ಅಪಾಯವಾಗುತ್ತದೆ. ಆಗ ಜಗತ್ತಿನ ಯಾವ ನಿಪುಣನೂ ಕೈಚೆಲ್ಲಬೇಕಾಗುತ್ತದೆ. ಈ ಮಕ್ಕಳಲ್ಲಿ ಅನೇಕರು ಸಾಯುವುದು ತಡವಾದ್ದರಿಂದ. ಆ ವಿಳಂಬ ನಮ್ಮದು, ಅದನ್ನು ಶಿವನ ಲೆಕ್ಕಕ್ಕೆ ಬರೆಯಕೂಡದು.

ಎರಡನೆಯ ಆಕ್ಷೇಪ ಇನ್ನಷ್ಟು ಚತುರವಾದುದು. “ಒಂದು ಮಗುವಿನ ಹೃದಯಕ್ಕೆ ಲಕ್ಷಗಟ್ಟಲೆ ಸುರಿಯುವ ಬದಲು ನೂರು ಮಕ್ಕಳಿಗೆ ಶುದ್ಧ ನೀರು ಕೊಡಬಾರದೇ? ವಿಮಾನದಲ್ಲಿ ಬಂದು ಎದೆ ಕೊಯ್ದು ಹೋಗುವ ಸ್ವಯಂಸೇವಕರದು ಬರೀ ಪ್ರದರ್ಶನ.” ಇದರಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳಲಾರೆ. ಒಂದು ವಾರ ಬಂದು ಹತ್ತಾರು ಶಸ್ತ್ರಚಿಕಿತ್ಸೆ ಮಾಡಿ, ಛಾಯಾಚಿತ್ರ ತೆಗೆಸಿಕೊಂಡು, ಮರಳಿ ಮುಖ ತೋರದವರ ಸೇವೆ ಸಂತೆಯಂತೆ. ಸಂಜೆಯಾದರೆ ಬಯಲು ಬಯಲೇ. ಆದರೆ ಈ ಕಾರ್ಯದಲ್ಲಿ ತೊಡಗಿದ ಉತ್ತಮರು ಈ ದೋಷವನ್ನು ನಮಗಿಂತ ಮೊದಲೇ ಕಂಡುಕೊಂಡಿದ್ದಾರೆ. 1975ರಲ್ಲಿ ನ್ಯೂಯಾರ್ಕಿನ ರೋಟರಿ ಸದಸ್ಯರು ಉಗಾಂಡಾದ ಒಬ್ಬ ಬಾಲಕಿಯನ್ನು ಕರೆಸಿಕೊಂಡು ಶಸ್ತ್ರಚಿಕಿತ್ಸೆ ಮಾಡಿಸಿದರು. ‘ಗಿಫ್ಟ್ ಆಫ್ ಲೈಫ್’ ಎಂಬ ಸೇವೆ ಹುಟ್ಟಿದ್ದು ಹಾಗೆ. ಮಗುವನ್ನು ಸಾಗರದಾಚೆಗೆ ಒಯ್ಯುವುದಕ್ಕಿಂತ ಮಗುವಿರುವ ನಾಡಿನ ವೈದ್ಯರನ್ನೇ ಸಜ್ಜುಗೊಳಿಸುವುದು ಲೇಸೆಂಬ ಅರಿವು ಬರಬರುತ್ತ ಮೂಡಿತು. ಅಮೆರಿಕದ ಡಾ. ವಿಲಿಯಂ ನೋವಿಕ್ ಅವರ ತಂಡ ದೇಶದಿಂದ ದೇಶಕ್ಕೆ ಹೋಗಿ ಶಸ್ತ್ರಚಿಕಿತ್ಸೆಯ ಜೊತೆಗೆ ಸ್ಥಳೀಯ ವೈದ್ಯರಿಗೂ ದಾದಿಯರಿಗೂ ಕಲಿಸುತ್ತ ಬಂದಿದೆ. ಇಂಗ್ಲೆಂಡಿನ ಲೆಸ್ಟರಿನಲ್ಲಿ 2007ರಲ್ಲಿ ಡಾ. ಸಂಜೀವ ನಿಚಾನಿ ಅವರು ಆರಂಭಿಸಿದ ‘ಹೀಲಿಂಗ್ ಲಿಟ್ಲ್ ಹಾರ್ಟ್ಸ್’ ಸಂಸ್ಥೆಯ ವೈದ್ಯರು, ದಾದಿಯರು ತಮ್ಮ ರಜೆಯ ದಿನಗಳನ್ನು ಭಾರತವೇ ಮೊದಲಾದ ದೇಶಗಳ ಮಕ್ಕಳಿಗೆ ಕೊಡುತ್ತಾರೆ. ರಜೆಯನ್ನು ದಾಸೋಹ ಮಾಡಿದವರನ್ನು ಪ್ರದರ್ಶನಪ್ರಿಯರೆಂದು ಜರೆಯುವ ಮುನ್ನ ನಮ್ಮ ರಜೆಗಳನ್ನು ನಾವು ಹೇಗೆ ಕಳೆದೆವೆಂದು ನೋಡಿಕೊಳ್ಳುವುದು ಒಳ್ಳೆಯದು.

ಇನ್ನು ನೀರು ಮೊದಲೋ ಹೃದಯ ಮೊದಲೋ ಎಂಬ ಪ್ರಶ್ನೆ. ಈ ಪ್ರಶ್ನೆ ಕೇಳಿದವರು ನೀರಿಗಾಗಿ ನಿಧಿ ತೆಗೆದಿಟ್ಟಿದ್ದರೆ ನಾನು ತಲೆಬಾಗುತ್ತಿದ್ದೆ. ನಮ್ಮ ಸಭೆಯಲ್ಲಿ ಹೃದಯಕ್ಕೆ ಎದುರಾಗಿ ನಿಂತದ್ದು ನೀರಲ್ಲ, ಕಲ್ಲಿನ ಮಹಾದ್ವಾರ!

ದೂರದ ಮಾತೇಕೆ? ಕನ್ನಡನಾಡೇ ಇದಕ್ಕೆ ಹಿರಿಯ ಸಾಕ್ಷಿ. ಬೆಂಗಳೂರಿನ ಸರ್ಕಾರಿ ಹೃದ್ರೋಗ ಸಂಸ್ಥೆ ಹೊತ್ತಿರುವುದು ನಮ್ಮದೇ ಜಿಲ್ಲೆಯ ಚಿತ್ರದುರ್ಗ ಬೃಹನ್ಮಠದ ಶ್ರೀ ಜಯದೇವ ಮುರುಘರಾಜೇಂದ್ರ ಸ್ವಾಮಿಗಳ ಹೆಸರನ್ನು. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಚಿಕ್ಕದಾಗಿ ಮೊಳೆತ ಆ ಸಂಸ್ಥೆಯ ಬೇರಿನಲ್ಲಿ ಮಠದ ಕಾಣಿಕೆಯಿದೆ. ಇಂದು ಅದು ಬನ್ನೇರುಘಟ್ಟ ರಸ್ತೆಯಲ್ಲಿ ವಿಸ್ತಾರವಾಗಿ ಬೆಳೆದು ಮೈಸೂರು, ಕಲಬುರಗಿಗಳಿಗೂ ಕೊಂಬೆ ಚಾಚಿದೆ. 2001ರಲ್ಲಿ ವೈಟ್‌ಫೀಲ್ಡಿನಲ್ಲಿ ತೆರೆದ ಸತ್ಯಸಾಯಿ ಆಸ್ಪತ್ರೆಯಲ್ಲಿ ಜಾತಿ ಮತಗಳನ್ನು ಕೇಳದೆ ಹೃದಯದ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡುತ್ತ ಬಂದಿದ್ದಾರೆ. ಸ್ವಯಂಸೇವಕರು ಸರದಿಯ ಮೇಲೆ ಬಂದು ಅಲ್ಲಿ ದುಡಿಯುತ್ತಾರೆ. ತತ್ತ್ವದಲ್ಲಿ ನಮಗೂ ಅವರಿಗೂ ಭೇದವಿರಬಹುದು, ಸೇವೆಯಲ್ಲಿ ನಾವು ಅವರಿಂದ ಕಲಿಯಬೇಕಾದುದು ಬಹಳವಿದೆ. 2003ರಲ್ಲಿ ಲಾಹೋರಿನಿಂದ ದೆಹಲಿಗೆ ಬಸ್ಸಿನಲ್ಲಿ ಬಂದ ಪಾಕಿಸ್ತಾನದ ಹೆಣ್ಣುಕೂಸಿನ ಹೃದಯದ ರಂಧ್ರವನ್ನು ಮುಚ್ಚಿದ್ದು ಡಾ. ದೇವಿ ಶೆಟ್ಟಿಯವರ ನಾರಾಯಣ ಹೃದಯಾಲಯದಲ್ಲಿ. ಒಂದು ಕಾಲಕ್ಕೆ ಕೈಯೊಡ್ಡಿ ನಿಂತಿದ್ದ ನಾಡು ಇಂದು ಕೈಯೆತ್ತಿ ಕೊಡುವ ನಾಡಾಗಿದೆ. ಲಾಹೋರಿನ ಕೂಸು ಬೆಂಗಳೂರನ್ನು ತಲುಪಿತು. ಹೊಳಲ್ಕೆರೆ ತಾಲ್ಲೂಕಿನ ಕೂಸು ಎರಡು ತಿಂಗಳಾದರೂ ಚಿಕ್ಕಜಾಜೂರಿನ ನಿಲ್ದಾಣವನ್ನು ತಲುಪಲಿಲ್ಲ. ಇದಕ್ಕಿಂತ ಹೆಚ್ಚಿನ ನಾಚಿಕೆ ಏನಿದೆ?

ಮೂರನೆಯ ಆಕ್ಷೇಪ: “ಸರ್ಕಾರವೇ ಎಲ್ಲವನ್ನೂ ಉಚಿತವಾಗಿ ಮಾಡುತ್ತಿದೆ. ನಮಗೇನು ಕೆಲಸ?” 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೇರೆಗೆ ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡಿ, ದೋಷ ಕಂಡವರನ್ನು ಚಿಕಿತ್ಸೆಗೆ ಕಳುಹಿಸುವ ವ್ಯವಸ್ಥೆಯಿದೆ. 2018ರಿಂದ ಆರೋಗ್ಯ ಕರ್ನಾಟಕ ಯೋಜನೆಯೂ ಇದೆ. ಇವು ದೊಡ್ಡ ಕೆಲಸಗಳೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಯೋಜನೆಯ ಉಚಿತವು ಆಸ್ಪತ್ರೆಯ ಬಾಗಿಲಿನಿಂದ ಆರಂಭವಾಗುತ್ತದೆ. ಬಡವನ ಕಷ್ಟ ಗುಡಿಸಲಿನ ಬಾಗಿಲಿನಿಂದಲೇ ಆರಂಭವಾಗುತ್ತದೆ. ಹದಿನೈದು ದಿನ ಕೂಲಿ ತಪ್ಪಿದರೆ ಉಳಿದ ಮಕ್ಕಳ ಹೊಟ್ಟೆಗೇನು? ಕಾರ್ಡಿನಲ್ಲಿ ಹೆಸರು ತಪ್ಪಾಗಿದ್ದರೆ ತಿದ್ದಿಸುವವರಾರು? ರಕ್ತ ಕೊಡುವವರಾರು? ಹೊಲಿಗೆ ಮಾಗಿದ ಮೇಲೆ ಮರುತಪಾಸಣೆಯ ದಿನವನ್ನು ನೆನಪಿಸುವವರಾರು? ಸರ್ಕಾರ ವೈದ್ಯನನ್ನು ಕೊಟ್ಟೀತು, ಜೊತೆಗಾರನನ್ನು ಕೊಡಲಾರದು. ಅಲ್ಲಿರುವುದೇ ನಮ್ಮ ಕೆಲಸ.

ಇಷ್ಟು ಕಟುವಾಗಿ ಮಾತಾಡಲು ನಿನಗೇನು ಅಧಿಕಾರವೆಂದು ವಾಚಕರು ಕೇಳಬಹುದು. ನನ್ನ ಅಪರಾಧವೇ ನನ್ನ ಅಧಿಕಾರ. ಬಹಳ ವರ್ಷಗಳ ಹಿಂದೆ ಈ ಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ತರಗತಿಯಲ್ಲಿ ತುಟಿ, ಉಗುರುಗಳು ನೇರಳೆ ಬಣ್ಣಕ್ಕಿದ್ದ ಒಬ್ಬ ಹುಡುಗನಿದ್ದ. ಓಡುವ ಆಟದಲ್ಲಿ ನಾಲ್ಕು ಹೆಜ್ಜೆಗೆ ಕುಕ್ಕರುಗಾಲಿನಲ್ಲಿ ಕುಳಿತುಬಿಡುತ್ತಿದ್ದ. ಸೋಮಾರಿಯೆಂದು ಬಗೆದು ಗದರಿಸಿ ಎಬ್ಬಿಸಿ ಓಡಿಸಿದವನು ನಾನು. ಹಾಗೆ ಕುಳಿತಾಗ ಕಾಲಿನ ರಕ್ತನಾಳಗಳು ಅದುಮಿ, ಶ್ವಾಸಕೋಶಕ್ಕೆ ತುಸು ಹೆಚ್ಚು ರಕ್ತ ಹೋಗಿ, ಅಂತಹ ಮಕ್ಕಳಿಗೆ ಉಸಿರು ಸಿಕ್ಕುತ್ತದೆಂದು ನಾನು ಅರಿತದ್ದು ಅವನು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. ಯಾವ ಶಾಸ್ತ್ರವನ್ನೂ ಓದದ ಆ ಬಾಲಕನಿಗೆ ತನ್ನ ದೇಹದ ಔಷಧ ತಿಳಿದಿತ್ತು. ಓದಿದ ಗುರುವು ಅದನ್ನು ಕಿತ್ತುಕೊಂಡ. ಅಂದು ಈ ರೋಗದ ಲಕ್ಷಣಗಳನ್ನು ಯಾರಾದರೂ ನಮಗೆ ಅರ್ಧ ಗಂಟೆ ತಿಳಿಸಿಕೊಟ್ಟಿದ್ದರೆ!

ಆ ನೀಲಿ ಮಕ್ಕಳಿಗೆ ಮೊದಲ ದಾರಿ ತೆರೆದದ್ದು 1944ರಲ್ಲಿ, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ. ದಾರಿಯನ್ನು ಸೂಚಿಸಿದವರು ಕಿವಿ ಮಂದವಾಗಿದ್ದ ಮಹಿಳೆ, ಡಾ. ಹೆಲೆನ್ ಟಾಸಿಗ್. ಕತ್ತರಿ ಹಿಡಿದವರು ಡಾ. ಬ್ಲೇಲಾಕ್. ಅವರ ಹಿಂದೆ ನಿಂತು ಹೊಲಿಗೆ ಹೊಲಿಗೆಗೂ ಸಲಹೆ ಹೇಳಿದವರು ವಿವಿಯನ್ ಥಾಮಸ್. ಬಡಗಿಯ ಮಗ, ಕಪ್ಪು ಜನಾಂಗದವರು. ಬಡತನದಿಂದ ವೈದ್ಯವಿದ್ಯೆ ಕೈತಪ್ಪಿ ಪ್ರಯೋಗಶಾಲೆಯ ಸಹಾಯಕರಾದವರು. ಆ ಶಸ್ತ್ರಕ್ರಮವನ್ನು ಪ್ರಯೋಗದಲ್ಲಿ ಸಾಧಿಸಿ ತೋರಿಸಿದವರು ಅವರೇ. ಜಗತ್ತು ಅವರಿಗೆ ಗೌರವ ಡಾಕ್ಟರೇಟ್ ನೀಡಿದ್ದು 1976ರಲ್ಲಿ. ಕಾಯಕಕ್ಕೆ ಕುಲವಿಲ್ಲ, ಲಿಂಗಭೇದವಿಲ್ಲವೆಂಬ ನಮ್ಮ ನಂಬಿಕೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೇ? ಹೃದಯ ಚಿಕಿತ್ಸೆಯೆಂಬುದು ಶಸ್ತ್ರವೈದ್ಯನೊಬ್ಬನ ಮಹಿಮೆಯಲ್ಲ, ಹತ್ತು ಕೈಗಳ ಕಾಯಕ. ಮಗುವನ್ನು ರೈಲು ಹತ್ತಿಸುವ ಕೈಯೂ ಆ ಹತ್ತರಲ್ಲಿ ಒಂದು.

ಆದುದರಿಂದ ನನ್ನ ಬೇಡಿಕೆ ಸ್ಪಷ್ಟವಾಗಿದೆ. ನಮ್ಮಲ್ಲಿ ಶಿಕ್ಷಕರಾದವರು ಈ ರೋಗದ ಲಕ್ಷಣಗಳನ್ನು ಕಲಿತು ಮಕ್ಕಳನ್ನು ಗುರುತಿಸಲಿ. ವೈದ್ಯರಾದವರು ವರ್ಷದಲ್ಲಿ ಕೆಲವು ದಿನ ಊರಿಗೆ ಬಂದು ಪರೀಕ್ಷಿಸಲಿ. ಪರದೇಶಗಳಲ್ಲಿ ನೆಲಸಿದವರು ತಮ್ಮ ಜಾಣ್ಮೆಯನ್ನು ಇಲ್ಲಿಯ ತರುಣರಿಗೆ ಕಲಿಸಲಿ. ಬೆಂಗಳೂರಿನಲ್ಲಿರುವವರು ರೈಲು ಇಳಿಯುವ ತಾಯಂದಿರನ್ನು ಎದುರುಗೊಂಡು ಆಸ್ಪತ್ರೆಯ ಬಾಗಿಲವರೆಗೆ ಕರೆದೊಯ್ಯಲಿ. ಊರಿನಲ್ಲಿರುವವರು ಆ ಹದಿನೈದು ದಿನಗಳ ಕೂಲಿಯ ಹೊಣೆ ಹೊರಲಿ, ಮರುತಪಾಸಣೆಯ ಲೆಕ್ಕವಿಡಲಿ. ಮಹಾದ್ವಾರದ ನಿಧಿಯಲ್ಲಿ ಅರ್ಧ ಪಾಲು ಇದಕ್ಕೆ ಸಾಲದೇ ಇರದು. ದ್ವಾರ ನಾಲ್ಕು ಅಡಿ ಗಿಡ್ಡವಾದರೆ ಯಾವ ಭಕ್ತನ ತಲೆಯೂ ತಾಗದು.

ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಅಲ್ಲಿಯೇ ಸುರಿದು ಬಾರೆಂದು ಲಕ್ಕಮ್ಮ ಕಳುಹಿಸಿದಳಂತೆ. ಅಗತ್ಯಕ್ಕೆ ಮೀರಿದ್ದು ನಮ್ಮದಲ್ಲವೆಂಬುದು ಆ ತಾಯಿಯ ತೀರ್ಪು. ನಮ್ಮ ನಿಧಿಯಲ್ಲಿ, ನಮ್ಮ ರಜೆಯಲ್ಲಿ, ನಮ್ಮ ವಿದ್ಯೆಯಲ್ಲಿ ಅಗತ್ಯಕ್ಕೆ ಮೀರಿದ್ದು ಎಷ್ಟಿದೆಯೆಂದು ಪ್ರತಿಯೊಬ್ಬರೂ ಎಣಿಸಿಕೊಳ್ಳಲಿ.

ಆ ದಿನ ನಿಲ್ದಾಣದಲ್ಲಿ ಕಂಡ ದಂಪತಿಗಳೊಡನೆ ನಾನೂ ಆಸ್ಪತ್ರೆಯವರೆಗೆ ಹೋದೆ. ನನ್ನಿಂದಾದ ಉಪಕಾರ ಅತ್ಯಲ್ಪ: ಎರಡು ಅರ್ಜಿ ತುಂಬಿದೆ, ಒಂದು ಹೊತ್ತು ಕೂಸನ್ನು ಎತ್ತಿಕೊಂಡೆ. ಎತ್ತಿಕೊಂಡಾಗ ಆ ಪುಟ್ಟ ಎದೆಯ ಬಡಿತ ಅಂಗೈಗೆ ತಾಕಿತು. ಹಿಡಿದ ಹಕ್ಕಿಯ ಬಡಿತದಂತೆ. ಮುಂದಿನ ಸಭೆಯಲ್ಲಿ ಈ ಸೂಚನೆಯನ್ನು ಮತ್ತೆ ಮಂಡಿಸುತ್ತೇನೆ. ವಿರೋಧಿಸುವವರು ಅವಶ್ಯವಾಗಿ ವಿರೋಧಿಸಲಿ. ಅದಕ್ಕೆ ಮೊದಲು ಅಂತಹ ಒಂದು ಕೂಸನ್ನು ಒಂದು ಗಳಿಗೆ ಎತ್ತಿಕೊಂಡು ಬರಲಿ.