ದಾರಿ ತಪ್ಪಿದ್ದು ನಾಯಿಯೋ, ಜತೆಗೆ ಓಡಿದವರೋ?

ಮೊನ್ನೆ ಶನಿವಾರ ಬೆಳಗಿನ ಶಾಲೆ ಮುಗಿಯಲು ಇನ್ನೂ ಇಪ್ಪತ್ತು ನಿಮಿಷ ಇತ್ತು. ಮಕ್ಕಳು ಚೀಲ ಕಟ್ಟಿಕೊಂಡು ಕೂತುಬಿಟ್ಟಿದ್ದರು. ಇನ್ನು ಪಾಠ ತಲೆಗೆ ಹೋಗುವುದಿಲ್ಲ ಎಂದು ನಮ್ಮ ಮೊಬೈಲಿನಲ್ಲಿದ್ದ ಒಂದು ವಿಡಿಯೋ ತೋರಿಸಿದೆವು. ಹಸಿರು ಮೈದಾನದಲ್ಲಿ ಒಂದು ಸಣ್ಣ ನಾಯಿ, ಅದರ ಜತೆ ಓಡುವ ಒಬ್ಬ ಹೆಣ್ಣುಮಗಳು. ನಾಯಿ ಬೇಲಿ ಹಾರುತ್ತದೆ, ಸುರಂಗದಲ್ಲಿ ನುಗ್ಗುತ್ತದೆ, ನೆಟ್ಟ ಕೋಲುಗಳ ನಡುವೆ ಹಾವಿನಂತೆ ಸುಳಿದು ಬರುತ್ತದೆ. ಮಕ್ಕಳಿಗೆ ಖುಷಿಯೋ ಖುಷಿ! ನಡುವೆ ಒಂದು ಕಡೆ ನಾಯಿ ಹಾರಬೇಕಾದ ಬೇಲಿ ಬಿಟ್ಟು ಬೇರೊಂದು ಸುರಂಗಕ್ಕೆ ನುಗ್ಗಿಬಿಟ್ಟಿತು. ಅಲ್ಲಿಗೆ ಆ ಓಟ ಲೆಕ್ಕಕ್ಕಿಲ್ಲ. ಆದರೆ ಆ ಹೆಣ್ಣುಮಗಳು ನಕ್ಕು, ತನ್ನ ಹಣೆಯನ್ನೇ ತಾನು ತಟ್ಟಿಕೊಂಡು, ನಾಯಿಯನ್ನು ಎತ್ತಿ ಮುದ್ದಾಡಿದಳು.

ಕುರಿ ಕಾಯುವವರ ಮನೆಯ ಒಬ್ಬ ಹುಡುಗ ಎದ್ದು ನಿಂತ. "ಸರ್, ನಾಯಿ ತಪ್ಪ್ ಮಾಡೇತಿ, ಅವ್ರು ಹೊಡಿಯಂಗಿಲ್ಲೇನ್ರಿ?"

ಗಂಟೆ ಹೊಡೆಯಿತು, ಮಕ್ಕಳು ಓಡಿದರು. ಪ್ರಶ್ನೆ ನಮ್ಮಲ್ಲೇ ಉಳಿಯಿತು. ಅದಕ್ಕೆ ನಾವು ಕಂಡುಕೊಂಡ ಉತ್ತರವೇ ಈ ಬರಹ.

ಈ ಆಟದ ಹೆಸರು ಅಜಿಲಿಟಿ, ಅಂದರೆ ಚುರುಕುತನ. ಜತೆಗೆ ಓಡುವವರನ್ನು ಇಂಗ್ಲಿಷಿನಲ್ಲಿ ಹ್ಯಾಂಡ್ಲರ್ ಎನ್ನುತ್ತಾರೆ. ನಾವು ಜತೆಗಾರ ಎನ್ನೋಣ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ನಾಯಿ ಪ್ರದರ್ಶನದಲ್ಲಿ ಎರಡು ಕಾರ್ಯಕ್ರಮಗಳ ನಡುವಿನ ಬಿಡುವಿನಲ್ಲಿ ಜನರಿಗೆ ಬೇಸರವಾಗದಿರಲಿ ಎಂದು ಶುರುವಾದ ಆಟವಿದು. ಸಮಿತಿಯಲ್ಲಿದ್ದ ಜಾನ್ ವಾರ್ಲಿ ಮತ್ತು ನಾಯಿ ತರಬೇತಿ ಬಲ್ಲ ಪೀಟರ್ ಮೀನ್‌ವೆಲ್ ಸೇರಿ ಇದನ್ನು ರೂಪಿಸಿದರು. ಮಾದರಿ ಎಲ್ಲಿಯದು ಅಂತೀರಿ? ಕುದುರೆ ಸವಾರರ ಬೇಲಿ ಹಾರುವ ಸ್ಪರ್ಧೆಯದು. ಜನ ಎಷ್ಟು ಮೆಚ್ಚಿದರೆಂದರೆ 1980ರಲ್ಲೇ ಅಲ್ಲಿನ ಕೆನಲ್ ಕ್ಲಬ್ ಇದನ್ನು ಅಧಿಕೃತ ಸ್ಪರ್ಧೆ ಎಂದು ಒಪ್ಪಿಕೊಂಡಿತು.

ಕುದುರೆಯ ಆಟದಿಂದ ಬಂದರೂ ಒಂದು ದೊಡ್ಡ ವ್ಯತ್ಯಾಸವಿದೆ. ಕುದುರೆಯ ಬಾಯಲ್ಲಿ ಕಡಿವಾಣ ಇರುತ್ತದೆ, ಬೆನ್ನ ಮೇಲೆ ಸವಾರ ಇರುತ್ತಾನೆ. ಇಲ್ಲಿ ನಾಯಿಗೆ ಹಗ್ಗವಿಲ್ಲ, ಸರಪಳಿಯಿಲ್ಲ. ಸ್ಪರ್ಧೆಯ ಓಟದಲ್ಲಿ ಜತೆಗಾರ ನಾಯಿಯನ್ನು ಮುಟ್ಟುವಂತಿಲ್ಲ. ಕೈಯಲ್ಲಿ ತಿನಿಸು, ಆಟಿಕೆ ಹಿಡಿಯುವಂತಿಲ್ಲ. ಒರಟಾಗಿ ನಡೆದುಕೊಂಡರೆ ತೀರ್ಪುಗಾರರು ಹೊರಗೆ ಕಳಿಸುತ್ತಾರೆ. ಹತ್ತು ಹದಿನೈದು ಅಡಿ ದೂರದಲ್ಲಿ ಓಡುವ ಪ್ರಾಣಿಯ ಮೇಲೆ ಅವನಿಗಿರುವ ಹಿಡಿತವೆಂದರೆ ದನಿ, ಕೈ ಸನ್ನೆ, ತನ್ನ ಮೈಯ ತಿರುವು. ಇಷ್ಟೇ! ನಾಯಿಗೆ ಬೇಡವೆನಿಸಿದರೆ ಓಡಿಹೋಗಬಹುದು. ಕೆಲವು ಹಾಗೆ ಹೋಗುವುದೂ ಉಂಟು.

ಅಂತರರಾಷ್ಟ್ರೀಯ ನಿಯಮದಂತೆ ಒಂದು ಓಟದಲ್ಲಿ 15ರಿಂದ 22 ಅಡೆತಡೆಗಳಿರುತ್ತವೆ. ಅವುಗಳನ್ನು ಯಾವ ಕ್ರಮದಲ್ಲಿ ದಾಟಬೇಕು ಎಂಬುದು ನಾಯಿಗೆ ಗೊತ್ತಿರುವುದಿಲ್ಲ. ಓಟಕ್ಕೆ ಮುಂಚೆ ಜತೆಗಾರರು ಮಾತ್ರ ಕೆಲವು ನಿಮಿಷ ಮೈದಾನದಲ್ಲಿ ನಡೆದು, ಕೈ ಆಡಿಸುತ್ತ, ತಮ್ಮಷ್ಟಕ್ಕೆ ಗೊಣಗುತ್ತ ದಾರಿಯನ್ನು ಬಾಯಿಪಾಠ ಮಾಡಿಕೊಳ್ಳುತ್ತಾರೆ. ನೋಡಿದವರಿಗೆ ಪರೀಕ್ಷೆಗೆ ಮುಂಚಿನ ನಮ್ಮ ಮಕ್ಕಳ ನೆನಪು ಬರಬೇಕು. ಆಮೇಲೆ ನಾಯಿ ಬರುತ್ತದೆ. ಬೇಲಿಯ ಕೋಲು ಬಿದ್ದರೆ ಐದು ತಪ್ಪಂಕ. ಅಡೆತಡೆಯ ಮುಂದೆ ನಿಂತುಬಿಟ್ಟರೆ ಐದು. ತಪ್ಪು ಅಡೆತಡೆ ದಾಟಿದರೆ ಸ್ಪರ್ಧೆಯಿಂದಲೇ ಹೊರಗೆ.

ಈಗ ಯೋಚಿಸಿ. ದಾರಿ ಗೊತ್ತಿದ್ದವನು ಮನುಷ್ಯ, ಗೊತ್ತಿಲ್ಲದ್ದು ನಾಯಿ. ನಾಯಿ ತಪ್ಪು ಸುರಂಗಕ್ಕೆ ಹೋದರೆ ತಪ್ಪು ಯಾರದು?

ಈ ಆಟ ಬಲ್ಲವರು ಇದಕ್ಕೆ ನಾಯಿಯತ್ತ ಬೆರಳು ತೋರಿಸುವುದಿಲ್ಲ. ತಮ್ಮ ಓಟದ ವಿಡಿಯೋ ಹಾಕಿಕೊಂಡು ತಮ್ಮ ಕಾಲುಗಳನ್ನು ನೋಡುತ್ತಾರೆ. ಏಕೆಂದರೆ ಸಣ್ಣ ನಾಯಿ ನೆಲದಿಂದ ಭುಜದವರೆಗೆ ಒಂದು ಅಡಿ, ಹೆಚ್ಚೆಂದರೆ ಒಂದು ಅಡಿ ಎರಡು ಇಂಚು. 35 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅದು ಸಣ್ಣ ನಾಯಿಗಳ ವರ್ಗ. ಆ ಎತ್ತರದಿಂದ ಓಡುತ್ತ ನೋಡಿದರೆ ನಮ್ಮ ಮುಖಕ್ಕಿಂತ ಮೊದಲು ಕಾಣುವುದು ನಮ್ಮ ಪಾದ, ಮೊಣಕಾಲು. ಬಾಯಿ "ಹಾರು" ಎನ್ನುತ್ತಿದ್ದರೂ ಪಾದ ಸುರಂಗದ ಕಡೆ ತಿರುಗಿದ್ದರೆ ನಾಯಿ ಸುರಂಗಕ್ಕೇ ಹೋಗುತ್ತದೆ. ಮಾತು ಒಂದು, ಮೈ ಇನ್ನೊಂದು ಹೇಳಿದಾಗ ನಾಯಿ ಸಾಮಾನ್ಯವಾಗಿ ಮೈಯನ್ನೇ ನಂಬುತ್ತದೆ. ನಾಯಿಗಳು ಮನುಷ್ಯನ ಕೈ ಸನ್ನೆಯನ್ನು ಚೆನ್ನಾಗಿ ಅರಿಯುತ್ತವೆ ಎಂಬುದನ್ನು 1998ರಷ್ಟು ಹಿಂದೆಯೇ ಹಂಗೇರಿ ಮತ್ತು ಅಮೆರಿಕದ ಸಂಶೋಧಕರು ಬೇರೆ ಬೇರೆಯಾಗಿ ತೋರಿಸಿದ್ದರು. ನಮ್ಮ ಕುರಿಗಾಹಿಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ ಬಿಡಿ!

ಇದನ್ನು ಓದುವಾಗ ನಮಗೆ ನಮ್ಮದೇ ಒಂದು ಪ್ರಸಂಗ ನೆನಪಾಗಿ ನಾಚಿಕೆಯಾಯಿತು. ನಾವು ಕೆಲಸಕ್ಕೆ ಸೇರಿದ ಹೊಸತು. ಒಂದನೇ ತರಗತಿಯ ಮಕ್ಕಳಿಗೆ ಕವಾಯತು ಕಲಿಸುತ್ತಿದ್ದೆವು. ಅವರ ಎದುರು ನಿಂತು "ಎಡಕ್ಕೆ ತಿರುಗು" ಎಂದು ಕೂಗಿ ನಮ್ಮ ಎಡಗೈ ಚಾಚಿದೆವು. ಎದುರು ನಿಂತವರಿಗೆ ಅದು ಬಲಬದಿ! ಅರ್ಧ ಮಕ್ಕಳು ಮಾತು ಕೇಳಿ ಎಡಕ್ಕೆ ಹೋದರು, ಅರ್ಧ ಮಕ್ಕಳು ಕೈ ನೋಡಿ ಬಲಕ್ಕೆ ಹೋದರು, ಒಂದು ಹುಡುಗಿ ಎತ್ತಲೂ ತಿರುಗದೆ ನಮ್ಮ ಮುಖವನ್ನೇ ನೋಡುತ್ತ ನಿಂತಳು. ನಾವು ಗದರಿದ್ದು ಅವಳನ್ನು. ಅವಳು ಎರಡು ದಿನ ಶಾಲೆಗೆ ಬರಲಿಲ್ಲ. ತಪ್ಪು ನಮ್ಮ ಕೈಯಲ್ಲಿತ್ತು ಎಂದು ಹೊಳೆದದ್ದು ಎಷ್ಟೋ ದಿನಗಳ ಮೇಲೆ. ಮಗುವನ್ನು ನಾಯಿಗೆ ಹೋಲಿಸುತ್ತಿದ್ದೇವೆ ಎಂದು ಯಾರೂ ತಪ್ಪು ತಿಳಿಯಬಾರದು. ಹೋಲಿಕೆ ಇರುವುದು ಕಲಿಯುವವರಲ್ಲಲ್ಲ, ಕಲಿಸುವ ನಮ್ಮಲ್ಲಿ.

ಭಯವನ್ನು ಅವರು ಹೇಗೆ ಬಿಡಿಸುತ್ತಾರೆ ಎಂಬುದನ್ನೂ ಹೇಳಬೇಕು. ಅಡೆತಡೆಗಳಲ್ಲಿ ಸಣ್ಣ ನಾಯಿಗಳು ಹೆಚ್ಚಾಗಿ ಅಂಜುವುದು ಸೀ-ಸಾಗೆ. ಶಾಲೆಯ ಅಂಗಳದಲ್ಲಿ ಮಕ್ಕಳು ಆಡುವಂಥದ್ದೇ ಹಲಗೆ. ನಾಯಿ ಒಂದು ತುದಿಯಿಂದ ಏರುತ್ತದೆ, ನಡು ದಾಟಿದೊಡನೆ ಕಾಲಡಿಯ ನೆಲವೇ ಕುಸಿದಂತೆ ಹಲಗೆ ಕೆಳಗಿಳಿಯುತ್ತದೆ, ನೆಲಕ್ಕೆ ಬಡಿದು ಸದ್ದಾಗುತ್ತದೆ. ಮೂರು ನಾಲ್ಕು ಕಿಲೋ ತೂಕದ ನಾಯಿಗೆ ಹಲಗೆ ನಿಧಾನಕ್ಕೆ ಇಳಿಯುತ್ತದೆ. ಅಷ್ಟು ಹೊತ್ತೂ ಅದು ಧೈರ್ಯ ಹಿಡಿದು ನಿಲ್ಲಬೇಕು. ಮೊದಲೇ ಜಿಗಿದರೆ ತಪ್ಪಂಕ.

ಒಳ್ಳೆಯ ತರಬೇತುದಾರರು ನಾಯಿಯನ್ನು ಎಳೆದು ಹಲಗೆಯ ಮೇಲೆ ನಿಲ್ಲಿಸುವುದಿಲ್ಲ. ಮೊದಲು ಹಲಗೆಯ ತುದಿಯ ಕೆಳಗೆ ಮೆತ್ತೆ ಇಟ್ಟು, ಒಂದೆರಡು ಇಂಚು ಮಾತ್ರ ಅಲುಗುವಂತೆ ಮಾಡುತ್ತಾರೆ. ನಾಯಿ ಪಂಜದಿಂದ ಒತ್ತಿ 'ಟಪ್' ಎಂದು ಸದ್ದು ಮಾಡಿದರೆ ತಿನಿಸು. ಸದ್ದು ಅಂಜಿಕೆಯ ಬದಲು ಆಟವಾಗುತ್ತದೆ. ದಿನಗಳು ಕಳೆದಂತೆ ಮೆತ್ತೆ ತೆಳುವಾಗುತ್ತದೆ, ಹಲಗೆ ಎತ್ತರವಾಗುತ್ತದೆ. ನಾಯಿ ಹಿಂದೆ ಸರಿದರೆ ಮತ್ತೆ ಹಿಂದಿನ ಪಾಠ. ವಾರಗಟ್ಟಲೆ ಹಿಡಿಯಬಹುದು, ತಿಂಗಳುಗಳೂ ಹಿಡಿಯಬಹುದು.

ನಿಯಮವೂ ಸಣ್ಣದರ ಪರವಾಗಿದೆ. ಹಲಗೆಯ ಇಳಿಯುವ ಬದಿಯ ನಡುವೆ ಒಂದು ಕಿಲೋ ತೂಕ ಇಟ್ಟರೆ ಅದು 2ರಿಂದ 3 ಸೆಕೆಂಡಿನೊಳಗೆ ನೆಲ ಮುಟ್ಟುವಂತಿರಬೇಕು. ಅಂದರೆ ಎಲ್ಲಕ್ಕಿಂತ ಹಗುರವಾದ ನಾಯಿಗೂ ಬಾಗುವಂತೆ ಹಲಗೆಯನ್ನು ಹೊಂದಿಸಬೇಕು. "ನೀನು ಮೊದಲು ದೊಡ್ಡವನಾಗಿ ಬಾ" ಎಂದು ನಾಯಿಗೆ ಹೇಳುವುದಿಲ್ಲ. ಬ್ರಿಟನ್ನಿನಲ್ಲಿ 18 ತಿಂಗಳು ತುಂಬದ ನಾಯಿ ಸ್ಪರ್ಧಿಸುವಂತಿಲ್ಲ, ಎಲುಬು ಬಲಿಯಬೇಕು ಎಂಬ ಕಾಳಜಿ. ನಾಲ್ಕು ವರ್ಷದ ಕೂಸಿನ ಕೈಯಲ್ಲಿ ಪೆನ್ಸಿಲ್ ತುರುಕಿ ಅಕ್ಷರ ತಿದ್ದಿಸುವ ಪಾಲಕರು ಇದನ್ನು ಕೇಳಬೇಕು.

ಇದೆಲ್ಲ ಬರೀ ಭಾವನೆಯ ಮಾತೇ? ಅಲ್ಲ. 2019ರಲ್ಲಿ ಸ್ವೀಡನ್ನಿನ ಲಿಂಶೋಪಿಂಗ್ ವಿಶ್ವವಿದ್ಯಾಲಯದವರು 58 ನಾಯಿಗಳ ಮತ್ತು ಅವುಗಳ ಒಡತಿಯರ ಕೂದಲನ್ನು ಪರೀಕ್ಷಿಸಿದರು. ಒತ್ತಡ ಹೆಚ್ಚಿದಾಗ ಮೈಯಲ್ಲಿ ಏರುವ ಕಾರ್ಟಿಸೋಲ್ ಎಂಬ ರಸ ಬೆಳೆಯುವ ಕೂದಲಿನಲ್ಲಿ ಸೇರಿಕೊಳ್ಳುತ್ತದೆ. ಹೀಗಾಗಿ ಕೂದಲು ನೋಡಿ ಹಿಂದಿನ ತಿಂಗಳುಗಳ ಒತ್ತಡದ ಅಂದಾಜು ಸಿಗುತ್ತದೆ. ನಾಯಿಗಳು ಶೆಟ್ಲೆಂಡ್ ಶೀಪ್‌ಡಾಗ್ ಮತ್ತು ಬಾರ್ಡರ್ ಕೋಲಿ ತಳಿಯವು. ಎರಡೂ ಮೂಲದಲ್ಲಿ ಕುರಿ ಕಾಯುವ ನಾಯಿಗಳು. ಬಾರ್ಡರ್ ಕೋಲಿಗೆ ಆ ಹೆಸರು ಇಂಗ್ಲೆಂಡ್-ಸ್ಕಾಟ್ಲೆಂಡ್ ಗಡಿಸೀಮೆಯಿಂದ ಬಂದದ್ದು. ಗಡಿನಾಡಿನವರೇ ಅನ್ನಿ, ನಮ್ಮವರೇ! ಒಡತಿಯ ಒತ್ತಡ ಹೆಚ್ಚಿದ್ದಲ್ಲಿ ನಾಯಿಯ ಒತ್ತಡವೂ ಹೆಚ್ಚಿತ್ತು. ಸ್ಪರ್ಧೆಗೆ ಇಳಿಯುವ ಜೋಡಿಗಳಲ್ಲಿ ಈ ನಂಟು ಇನ್ನೂ ಗಟ್ಟಿಯಾಗಿತ್ತು. ನಾಯಿಯ ಒತ್ತಡಕ್ಕೆ ಅದರ ಸ್ವಭಾವಕ್ಕಿಂತ ಒಡತಿಯ ಸ್ವಭಾವವೇ ಹೆಚ್ಚು ತಳಕು ಹಾಕಿಕೊಂಡಿತ್ತು. ಒಡತಿಯಿಂದಲೇ ನಾಯಿಗೆ ಒತ್ತಡ ಬಂತೆಂದು ಇಷ್ಟರಿಂದಲೇ ಹೇಳಲು ಬರುವುದಿಲ್ಲ. ಆದರೂ ಮನೆಯಲ್ಲಿ ಜಗಳವಾಡಿ ಶಾಲೆಗೆ ಹೋದ ದಿನ ತರಗತಿ ಹೇಗಿರುತ್ತದೆ ಎಂಬುದು ನಮ್ಮ ಮೇಷ್ಟ್ರು ಬಂಧುಗಳಿಗೆ ಗೊತ್ತಿಲ್ಲದ್ದೇನಲ್ಲ.

"ಇದೂ ಒಂದು ಸರ್ಕಸ್ಸೇ ತಾನೆ?" ಎಂದು ನಮ್ಮ ಸಹೋದ್ಯೋಗಿಯೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಗೆಲುವಿನ ಹುಚ್ಚು ಹಿಡಿದವರು ನಾಯಿಯನ್ನು ಅತಿಯಾಗಿ ಓಡಿಸುವುದು, ಭುಜ, ಬೆರಳುಗಳಿಗೆ ಪೆಟ್ಟಾಗುವುದು ಈ ಆಟದಲ್ಲಿಯೂ ಇದೆ. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ತೂಗುಹಾಕಿದ ಟೈರಿಗೆ ನಾಯಿ ಡಿಕ್ಕಿ ಹೊಡೆದರೆ ಗಾಯವಾಗುತ್ತದೆ ಎಂದು ಕಂಡಾಗ, ತಾಕಿದೊಡನೆ ಬಿಚ್ಚಿಕೊಳ್ಳುವ ಟೈರನ್ನು ಕಡ್ಡಾಯ ಮಾಡಿದವರೂ ಈ ಆಟದವರೇ. ಪೆಟ್ಟಾದಾಗ ನಾಯಿಯನ್ನು ದೂರದೆ ಸಾಧನವನ್ನು ತಿದ್ದಿದರು. ಸರ್ಕಸ್ಸಿನ ಚಾವಟಿಗೂ ಇದಕ್ಕೂ ಇರುವ ಅಂತರ ಇದೇ ಎಂಬುದು ನಮ್ಮ ಅನಿಸಿಕೆ.

ಇನ್ನೊಂದು ಸಂಗತಿ ಹೇಳದಿದ್ದರೆ ಈ ಮಾತು ಪೂರ್ತಿಯಾಗದು. ಅಮೆರಿಕದ ಹೆಸರಾಂತ ವೆಸ್ಟ್‌ಮಿನ್‌ಸ್ಟರ್ ನಾಯಿ ಪ್ರದರ್ಶನದ ಮುಖ್ಯ ಸ್ಪರ್ಧೆ ಶುದ್ಧ ತಳಿಗಳಿಗೆ ಮಾತ್ರ. 2014ರಲ್ಲಿ ಅಲ್ಲಿ ಅಜಿಲಿಟಿ ಸ್ಪರ್ಧೆ ಶುರುವಾದಾಗ ಬೆರಕೆ ನಾಯಿಗಳಿಗೂ ಬಾಗಿಲು ತೆರೆಯಿತು. ಹತ್ತು ವರ್ಷ ಒಂದು ಬೆರಕೆ ನಾಯಿಯೂ ಪಟ್ಟ ಗೆಲ್ಲಲಿಲ್ಲ. 2024ರಲ್ಲಿ ನಿಂಬಲ್ ಎಂಬ ನಾಯಿ ಗೆದ್ದಿತು. ಬಾರ್ಡರ್ ಕೋಲಿಗೂ ಪ್ಯಾಪಿಲಾನ್ ಎಂಬ ಪುಟ್ಟ ತಳಿಗೂ ಹುಟ್ಟಿದ ಬೆರಕೆ. 12 ಇಂಚಿನ ಬೇಲಿ ಹಾರುವ ಸಣ್ಣವರ ವರ್ಗದಿಂದ ಬಂದದ್ದು, ದೊಡ್ಡ ನಾಯಿಗಳನ್ನೆಲ್ಲ ಹಿಂದೆ ಹಾಕಿ ಅರ್ಧ ನಿಮಿಷವೂ ತುಂಬದೊಳಗೆ ಓಟ ಮುಗಿಸಿತು. ಜತೆಗಾರ್ತಿ ಸಿಂಥಿಯಾ ಹಾರ್ನರ್. ಆ ಮೈದಾನದಲ್ಲಿ ಯಾರೂ ನಾಯಿಯ ವಂಶಾವಳಿ ಕೇಳಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಎಷ್ಟು ಅರಿತಿದ್ದಾರೆ ಎಂಬುದಷ್ಟೇ ಲೆಕ್ಕಕ್ಕೆ ಬಂತು. ಮನೆಯಲ್ಲಿ ಒಂದು ನುಡಿ, ಬಜಾರದಲ್ಲಿ ಇನ್ನೊಂದು ನುಡಿ ಆಡಿ, ಎರಡನ್ನೂ ಬೆರೆಸಿ ಉತ್ತರ ಹೇಳಿ ಬೈಸಿಕೊಳ್ಳುವ ಮಕ್ಕಳು ನಮ್ಮ ಶಾಲೆಗಳಲ್ಲಿದ್ದಾರೆ. ಈ ನಾಯಿಯ ಕಥೆಯನ್ನು ಅವರಿಗೆ ಹೇಳುವ ಆಸೆ ನಮಗೆ.

ಮಕ್ಕಳನ್ನು ಹೊಡೆಯಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೇಳುತ್ತದೆ. ಕೋಲನ್ನು ಕಾಯ್ದೆ ಬಿಡಿಸಬಹುದು. ಆದರೆ ಮಗು ತಪ್ಪಿದಾಗ ಮೊದಲು ನಮ್ಮ ಕಾಲು ಎತ್ತ ತಿರುಗಿತ್ತು ಎಂದು ನೋಡಿಕೊಳ್ಳುವ ರೂಢಿಯನ್ನು ಯಾವ ಕಾಯ್ದೆ ಕಲಿಸೀತು?

ಸೋಮವಾರ ಆ ಹುಡುಗನನ್ನು ಕರೆದು ಉತ್ತರ ಹೇಳಿದೆವು. "ಅವರು ಹೊಡಿಯೂದಿಲ್ಲಪ್ಪಾ. ನಾಯಿಗೆ ದಾರಿ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು. ಸರಿಯಾಗಿ ತೋರಿಸಲಿಲ್ಲ ಅಂತ ತಮ್ಮ ಹಣೆ ತಾವ ಬಡಕೊಂಡ್ರು." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನಮ್ಮಪ್ಪಾನೂ ಹಂಗ ಅಂತಾನ್ರಿ ಸರ್. ಕುರಿ ಚದರಿದ್ರ ನಾಯಿಗೆ ಬೈಬ್ಯಾಡ, ನೀ ಸಿಳ್ಳ ತಡಾ ಹಾಕೀದಿ ಅಂತಾನ" ಎಂದ.

ಅವನ ಸಣ್ಣ ನಾಯಿ ದಿನಾ ಅವನ ಹಿಂದೆ ಬಂದು ಶಾಲೆಯ ಗೇಟಿನ ಬಳಿ ಮಲಗುತ್ತದೆ. ಊಟದ ಬಿಡುವಿನಲ್ಲಿ ಮಕ್ಕಳು ಬೇವಿನ ಮರಕ್ಕೆ ಒರಗಿಸಿದ ಹಳೆಯ ಟೈರಿನೊಳಗೆ ಅದನ್ನು ನುಗ್ಗಿಸಲು ನೋಡುತ್ತಿದ್ದರು. ಒಬ್ಬ ಹಿಂದಿನಿಂದ ತಳ್ಳಿದ. ನಾಯಿ ನಾಲ್ಕೂ ಕಾಲು ಊರಿ ನಿಂತಿತು. ಈ ಹುಡುಗ ಅವನನ್ನು ಸರಿಸಿ, ಟೈರಿನ ಆಚೆ ಬದಿಗೆ ಹೋಗಿ ನೆಲಕ್ಕೆ ಕೂತು, ಒಂದು ಸಣ್ಣ ಸಿಳ್ಳು ಹಾಕಿದ. ನಾಯಿ ಟೈರನ್ನು ಮೂಸಿತು, ಹಿಂದೆ ಸರಿಯಿತು, ಮತ್ತೆ ಮೂಸಿತು. ಅವನು ಕೂತೇ ಇದ್ದ. ಬಿಡುವು ಮುಗಿಯುವುದರೊಳಗೆ ಅದು ದಾಟಿ ಅವನ ತೊಡೆಯ ಮೇಲಿತ್ತು.

ನಾವು ಗಂಟೆಯನ್ನು ಎರಡು ನಿಮಿಷ ತಡವಾಗಿ ಹೊಡೆಸಿದೆವು. ನೀವಾದರೂ ಹಾಗೇ ಮಾಡುತ್ತಿದ್ದಿರಿ, ಅಲ್ಲವೇ?